ಏನೂ ಬೆಳೆಯದ ಗುಂಡಿಗೆ ನೀರು

ಬೇಸಿಗೆ ಬಂತೆಂದರೆ ಬೆಂಗೇರಿಯ ನಮ್ಮ ಹಿತ್ತಿಲಲ್ಲಿ ನಾನು ಬರಿಯ ನೆಲಕ್ಕೆ ನೀರು ಹಾಕುತ್ತೇನೆ. ಅಲ್ಲಿ ಗಿಡವಿಲ್ಲ, ಬಳ್ಳಿಯಿಲ್ಲ. ಒಂದು ಕೊಳವೆಯ ಬಾಯಿ ಮಾತ್ರ ಕಾಣುತ್ತದೆ. ಇವತ್ತು ಸಂಜೆ ಬಕೆಟ್ ಬಗ್ಗಿಸಿದಾಗ ಉಪ್ಪು, ಇದ್ದಿಲು ನೆನೆದ ವಾಸನೆ ಎದ್ದಿತು. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಕಾಕು ಕಾಂಪೌಂಡಿನ ಆಚೆಯಿಂದ, "ಅಲ್ಲೇನ ಹಚ್ಚೀಯವಾ? ಒಂದ ಎಲಿ ಸೈತ ಕಾಣವಲ್ದು," ಎಂದರು. ಏನೆಂದು ಹೇಳಲಿ? ನೀವಾದರೂ ಪೂರಾ ಕೇಳಿ.

ಇದು ನಮ್ಮಕ್ಕನ ಗಿಟಾರಿನ ಗುಂಡಿ. ಅಕ್ಕ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಲವತ್ತು ದಾಟಿದ ಮೇಲೆ ಅವಳಿಗೆ ಬೇಸ್ ಗಿಟಾರಿನ ಹುಚ್ಚು ಹತ್ತಿತು. ನಾಲ್ಕೇ ತಂತಿ, ಹೊಟ್ಟೆಯೊಳಗಿಂದ ಬಂದಂಥ ದನಿ. ಅದನ್ನು ನುಡಿಸುತ್ತ ಹಾಡುವಳು. ಅವಳ ದನಿ ಎಷ್ಟು ಸಣ್ಣದೆಂದರೆ ಮೈಕಿಗೆ ತುಟಿ ಹಚ್ಚಿದರೇನೇ ಕೇಳಬೇಕು. ಗಿಟಾರಿನ ಸ್ಪೀಕರ್ ಪೆಟ್ಟಿಗೆ ಸುಮ್ಮನೆ ಕೂತಾಗ ಗುಂಯ್ ಎನ್ನುತ್ತಿತ್ತು. ಅಕ್ಕ ತಂತಿ ಮುಟ್ಟಿದೊಡನೆ ತಣ್ಣಗಾಗುತ್ತಿತ್ತು. "ಅದಕ್ಕ ನಿನ್ನ ಕೈ ಗುರ್ತು ಸಿಕ್ಕೈತಿ ನೋಡ," ಎಂದು ಅವ್ವ ಹಿಗ್ಗುವಳು. ನಾವೆಲ್ಲ ಅದನ್ನು ಪ್ರೀತಿಯೆಂದೇ ತಿಳಿದಿದ್ದೆವು. ಅಂಥ ಶಾಣ್ಯಾ ಮಂದಿ ನಾವು.

ನಮ್ಮ ಮನೆಯ ಬೋರ್ಡಿಗೆ ಎರಡೇ ತೂತು, ಪೆಟ್ಟಿಗೆಯ ಪ್ಲಗ್ಗಿಗೆ ಮೂರು ಪಿನ್ನು. ಅಕ್ಕ ಮೂರನೆಯ ದಪ್ಪ ಪಿನ್ನನ್ನು ಕೊಯ್ದು ಒಗೆದಳು. ಪೆಟ್ಟಿಗೆ ಆರಾಮವಾಗಿ ನಡೆಯಿತು.

ಓಣಿಯ ಕಾರ್ಯಕ್ರಮವೊಂದಕ್ಕೆ ಅಕ್ಕ ಅದೇ ಪೆಟ್ಟಿಗೆ ಒಯ್ದು, ಗಿಟಾರಿನ ತಂತಿ ಹಿಡಿದುಕೊಂಡೇ ಬೇರೆಯವರ ಮೈಕಿಗೆ ತುಟಿ ಹಚ್ಚಿದಳು. ಕರೆಂಟು ಹೊಡೆದು ಹಿಂದಕ್ಕೆ ಹಾರಿ ಕುಸಿದು ಕೂತುಬಿಟ್ಟಳು. ತುಟಿಗೆ ಚೇಳು ಕಡಿದ ಹಾಗಾಯಿತಂತೆ. ಜೀವ ಉಳಿದದ್ದೇ ಪುಣ್ಯ. ಗಿಟಾರು ಚೀಲ ಸೇರಿತು, ಅಕ್ಕ ಹಾಡುವುದನ್ನೇ ಬಿಟ್ಟಳು. ಆ ದಿನಗಳಲ್ಲಿ ಮನೆ ನನಗೆ ಬಿಕೋ ಎನ್ನುತ್ತಿತ್ತು.

ವೈರಿಂಗ್ ನೋಡಲು ಬಂದವರು ಪ್ಲಗ್ಗನ್ನು ತಿರುಗಿಸಿ, "ಈ ಅರ್ಥಿಂಗ್ ಪಿನ್ ಯಾರ ಕೊಯ್ದಾರ್ರಿ?" ಎಂದರು.

"ನಾನ ರೀ. ಪ್ರತಿವರ್ಷಾ ಹತ್ತನೇ ಇಯತ್ತೇದವ್ರಿಗೆ ಇದರ ಚಿತ್ರಾ ತಗದು ಕಲಸ್ತೇನಿ," ಎಂದು ಅಕ್ಕ ತಾನೇ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು.

ಹಿತ್ತಿಲಲ್ಲಿ ಗುಂಡಿ ತೋಡಿ, ತಾಮ್ರದ ತಗಡು ಇಳಿಸಿ, ನೀರು ಹಾಕಲೊಂದು ಕೊಳವೆ ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ಸುರಿದರು. "ಉಪ್ಪಿನಕಾಯಿ ಹಾಕಾಕತ್ತೀರೇನ?" ಎಂದಳು ಅವ್ವ. ಸೋರಿದ ಕರೆಂಟು ಮೈಗೆ ಬಾರದೆ ನೆಲಕ್ಕೆ ಇಳಿಯಬೇಕಾದರೆ ಮಣ್ಣು ಹಸಿಯಾಗಿರಬೇಕು, ಬೇಸಿಗೆಯಲ್ಲಿ ನೀರು ಮರೆಯಬೇಡಿ ಎಂದು ತಾಕೀತು ಮಾಡಿದರು. ಅಕ್ಕ ಮುಟ್ಟಿದಾಗ ಪೆಟ್ಟಿಗೆಯ ಗುಂಯ್ ನಿಲ್ಲುತ್ತಿದ್ದದ್ದೂ ಅವಳ ಮೈಯೇ ಅದಕ್ಕೆ ನೆಲದ ದಾರಿಯಾಗಿದ್ದರಿಂದಂತೆ. ಗುಂಡಿಯಿಂದ ವೈರು ಎಳೆದು, ಹೊಸ ಬೋರ್ಡು, ಹೊಸ ಪ್ಲಗ್ಗು ಕೂಡಿಸಿ, ತಂತಿಗೂ ಮೈಕಿಗೂ ಮೀಟರ್ ಹಚ್ಚಿ ಏನೂ ಇಲ್ಲವೆಂದು ತೋರಿಸಿದರು. ಆದರೂ ಅಕ್ಕ ಮುಟ್ಟಲೊಲ್ಲಳು. ಆಗ ಅವ್ವ ಸೆರಗು ಸಿಗಿಸಿಕೊಂಡು ಬಂದು, ಒಂದು ಕೈ ತಂತಿಯ ಮೇಲಿಟ್ಟು, ಮೈಕಿಗೆ ಬಾಯಿ ಹಚ್ಚಿಯೇಬಿಟ್ಟಳು.

"ಏನಿಲ್ಲವಾ. ಬರೇ ಕಬ್ಬಣದ ವಾಸನಿ," ಎಂದಳು ಮೈಕಿನಲ್ಲೇ.

ಅಕ್ಕ ಗಿಟಾರು ಹಿಡಿದಳು. ಮೈಕು ಮಾತ್ರ ಒಂದು ಗೇಣು ದೂರವೇ ಉಳಿಯಿತು. ಹಾಡಿದರೆ ಕೋಣೆಯಾಚೆ ಕೇಳುತ್ತಿರಲಿಲ್ಲ. ಬುದ್ಧಿಗೆ ತಿಳಿದದ್ದು ತುಟಿಗೆ ತಿಳಿದಿರಲಿಲ್ಲ, ಪಾಪ. ನಾನು ನೀರು ಹಾಕುತ್ತ ಬಂದೆ. ನನ್ನ ಕೈಲಾಗುವುದು ಅಷ್ಟೇ.

ಇವತ್ತು ಕಾಕು ಹಾಗೆ ಕೇಳಿ ಮುಗಿಸುವಷ್ಟರಲ್ಲಿ ನಮ್ಮ ಕಿಟಕಿಯಿಂದ ಗಿಟಾರಿನ ದನಿ ಬಂತು. ಅದರ ಹಿಂದೆಯೇ ಸ್ಪೀಕರಿನಲ್ಲಿ ಪಪ್ ಎಂದು ಒಂದು ಸಣ್ಣ ಸಪ್ಪಳ, ಮೈಕಿಗೆ ತುಟಿ ತಾಗಿದಾಗ ಬರುವಂಥದ್ದು. ನಾನು ಕಿಟಕಿಯ ಕಡೆ ತಿರುಗಿದೆ. ಆಮೇಲೆ ಅಕ್ಕನ ದನಿ ಹಿತ್ತಿಲು ದಾಟಿ ಕಾಂಪೌಂಡಿನ ಆಚೆಗೂ ಹೋಯಿತು.

"ಯಾರವಾ, ಎಷ್ಟ ಛಲೋ ಹಾಡಾಕತ್ತಾರ?" ಎಂದರು ಕಾಕು.

"ನಮ್ಮಕ್ಕರಿ," ಎಂದೆ. ಕಣ್ಣು ತುಂಬಿತ್ತು. ಖಾಲಿ ಬಕೆಟ್ ಎತ್ತಿಕೊಂಡು ಇನ್ನೊಮ್ಮೆ ನಳದ ಕಡೆ ನಡೆದೆ.