ಜೊತೆಯವರು ಕೊಟ್ಟ ಅಂಕ

ಕರ್ನಾಟಕದ ಗಡಿಗೆ ಹತ್ತಿರ, ಮಹಾರಾಷ್ಟ್ರದ ಉದಗೀರದ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಒಂದು ವರ್ಷ ಕೊನೆಯ ವರ್ಷದವರನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಗುಂಪಿಗೊಂದು ಹಳ್ಳಿಯ ಬಾವಿಗಳ ಸಮೀಕ್ಷೆ ಕೊಟ್ಟಿದ್ದೆ. ಯಾರು ದುಡಿದರು, ಯಾರು ಬರೀ ಹೆಸರು ಸೇರಿಸಿದರು ಎಂಬುದು ನನಗೆ ಕಾಣುವುದಿಲ್ಲ. ಅದಕ್ಕೇ ಒಂದಿಷ್ಟು ಅಂಕವನ್ನು ಅವರೇ ಒಬ್ಬರಿಗೊಬ್ಬರು ಕೊಡಲಿ ಎಂದುಕೊಂಡೆ.

ಮೊದಲು ಹತ್ತಕ್ಕೆ ಎಷ್ಟು ಎಂದು ಕೇಳಿದೆ. ಇಡೀ ತರಗತಿ ಎಲ್ಲರಿಗೂ ಹತ್ತು ಬರೆದುಕೊಟ್ಟಿತು. ಸಿಟ್ಟಿನಿಂದ ಹಾಳೆಗಳನ್ನು ಹರಿದೆ. ಎರಡನೆಯ ಸಲ, ಮೂವತ್ತು ಅಂಕವನ್ನು ಉಳಿದ ಮೂವರಿಗೆ ಹಂಚಿ, ಇಬ್ಬರಿಗೆ ಒಂದೇ ಬರುವಂತಿಲ್ಲ ಎಂದೆ. ಕ್ಯಾಂಟೀನಿನಲ್ಲಿ ಕೂತು ಹನ್ನೊಂದು, ಹತ್ತು, ಒಂಬತ್ತು ಎಂದು ಸರದಿ ಹಾಕಿಕೊಂಡರು. ಕೂಡಿಸಿ ನೋಡಿದರೆ ಮತ್ತೆ ಎಲ್ಲರೂ ಸಮ!

ಮೂರನೆಯ ಸಲ ಒಬ್ಬೊಬ್ಬರನ್ನೇ ಕರೆದು ಹತ್ತಕ್ಕೆ ಎಷ್ಟು, ಏಕೆ ಎಂದು ಗುಟ್ಟಾಗಿ ಬರೆಸಿದೆ. ಒಂದು ಗುಂಪಿನ ಮೂವರು ಹುಡುಗರು ತಮ್ಮ ಜೊತೆಯ ಹುಡುಗಿಗೆ ಎರಡು, ಮೂರು, ಎರಡು ಕೊಟ್ಟಿದ್ದರು. ಹಳ್ಳಿಯ ಹೆಂಗಸರ ಜೊತೆ ಕೂತು ಹರಟೆ ಹೊಡೆದಳು ಎಂದು ಮೂವರೂ ಮರಾಠಿಯಲ್ಲಿ ಬರೆದಿದ್ದರು. ಅವಳನ್ನು ಕರೆಸಿದೆ.

"ನೀ ಏನ್ ಮಾಡಿದಿ ಅಲ್ಲಿ?"

"ಯಾವ ಬಾವಿ ಯಾವಾಗ ಬತ್ತತದ ಅಂತ ನೀರ್ ಸೇದೋ ಹೆಂಗಸರಿಗೇ ಗೊತ್ತಿರ್ತದ್ರಿ ಮೇಡಂ. ಅವರು ಕನ್ನಡದಾಗ ಮಾತಾಡಿದ್ರು. ಇವರಿಗಿ ತಿಳೀಲಿಲ್ಲ."

ಅವಳ ನೋಟ್‌ಬುಕ್ಕಿನಲ್ಲಿ ಒಂದೊಂದು ಬಾವಿಯ ತಿಂಗಳ ಲೆಕ್ಕವಿತ್ತು. ವರದಿಯ ಮುಖ್ಯ ಕೋಷ್ಟಕ ಅಲ್ಲಿಂದಲೇ ಬಂದಿತ್ತು. ಅವಳು ಮಾತ್ರ ಹುಡುಗರಿಗೆ ಎಂಟೆಂಟು ಕೊಟ್ಟಿದ್ದಳು. "ಬಿಸಲಾಗ ಬಾವಿಗಿ ಟೇಪ್ ಬಿಟ್ಟು ಆಳ ಅಳದಾರಲ್ರಿ" ಎಂದಳು.

ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. "ಎಲ್ಲಾರಿಗೂ ಒಂದೇ ಹಾಕಿ ಕಳಸ್ರಿ ಮೇಡಂ, ಇವತ್ತೇ ಕಡೀ ದಿನ ಅದ" ಎಂದರು, ಫೈಲಿನಿಂದ ತಲೆ ಎತ್ತದೆ. ಅವರ ಮಾತು ಕೇಳದೆ, ಆ ಗುಂಪಿನ ಅಂಕಗಳನ್ನು ಹೊಡೆದುಹಾಕಿ ನಾನೇ ಬೇರೆ ಕೊಟ್ಟೆ. ಅವಳಿಗೆ ಒಂಬತ್ತು, ಹುಡುಗರಿಗೆ ಏಳು.

ಮರುದಿನ ಮೂವರೂ ಬಂದರು. ಒಬ್ಬ ಮರಾಠಿಯಲ್ಲೇ ಕೇಳಿದ: "ಕೊನೆಗೆ ನೀವೇ ಹಾಕುವುದಿದ್ದರೆ ನಮ್ಮಿಂದ ಮೂರು ಸಲ ಯಾಕೆ ಬರೆಸಿದಿರಿ ಮೇಡಂ?"

ನೋಟ್‌ಬುಕ್ ತೋರಿಸಿದೆ. ಅವರು ಪುಟ ತಿರುವಿ ನೋಡಿ ಹೋದರು. ಆದರೆ ಅವನ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಉಳಿದ ಗುಂಪುಗಳವರು ಕೊಟ್ಟ ಅಂಕಗಳನ್ನು ಹಾಗೇ ಕಳಿಸಿದ್ದೆ. ಅವರ ನೋಟ್‌ಬುಕ್ಕುಗಳನ್ನು ತೆರೆದು ನೋಡಿರಲೇ ಇಲ್ಲ.