ಖಾಲಿ ಮುಚ್ಚಳ

ಮಗು ತೆವಳಲು ಕಲಿತದ್ದೇ ತಡ, ಸೊಸೆಯ ನೆಮ್ಮದಿ ಹಾರಿಹೋಯಿತು. ಮಲಗಿಸಿದಲ್ಲೇ ಮಲಗಿರುತ್ತಿದ್ದ ಕೂಸು ಈಗ ರೆಪ್ಪೆ ಬಡಿಯುವಷ್ಟರಲ್ಲಿ ಈ ಮೂಲೆಯಿಂದ ಆ ಮೂಲೆಗೆ ತಲುಪಿರುತ್ತಿತ್ತು. ಸಿಕ್ಕಿದ್ದೆಲ್ಲ ಬಾಯಿಗೆ. ಕಣ್ಣಿಗೆ ಕಾಣದ ಚೂರನ್ನೂ ನೆಲದಿಂದ ಹೆಕ್ಕುತ್ತದೆಂದು ಅತ್ತೆ ಅದಕ್ಕೆ 'ಇರುವೆ' ಎಂದು ಹೆಸರಿಟ್ಟಿದ್ದರು. ಇರುವೆಯ ಸವಾರಿ ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಹೋಗಿ ನಿಲ್ಲುತ್ತಿದ್ದುದು ಮಾವನ ಕೋಣೆಯ ಹೊಸ್ತಿಲಲ್ಲಿ.

ಆ ಕೋಣೆಯೆಂದರೆ ಸೊಸೆಗೆ ಎದೆ ಡವಗುಟ್ಟುತ್ತಿತ್ತು. ಮೂರು ಗೋಡೆಗೂ ಸೂರು ಮುಟ್ಟುವ ಕಪಾಟು. ಕಪಾಟಿನಲ್ಲಿ ರೇಡಿಯೋ ಸೆಟ್ಟುಗಳು, ಹೊಟ್ಟೆ ಬಗೆದ ಸೆಟ್ಟುಗಳು, ತಾಮ್ರದ ತಂತಿಯ ಸುರುಳಿಗಳು, ಗಾಜಿನ ವಾಲ್ವುಗಳು. ಬಿಸ್ಕತ್ತಿನ ಡಬ್ಬಿ, ಹಾಲುಪುಡಿ ಡಬ್ಬಿ, ಔಷಧಿ ಡಬ್ಬಿಗಳ ತುಂಬ ಸಾಸಿವೆಯಿಂದ ಹಿಡಿದು ಕಡಲೆಕಾಳಿನ ಗಾತ್ರದವರೆಗಿನ ಬಿಡಿಭಾಗಗಳು. ಒಂದೊಂದೂ ಮಗುವಿನ ಗಂಟಲಿಗೆ ಅಳತೆ ಕೊಟ್ಟು ಮಾಡಿಸಿದಂತೆ ಅವಳಿಗೆ ಕಾಣುತ್ತಿತ್ತು.

ಮಾವ ಮೂವತ್ತನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಊರಿನ ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆಲ್ಲ ಇಳಿದು ಹತ್ತಿದ ಮನುಷ್ಯ. ಹಗಲೆಲ್ಲ ಗ್ರೀಸು ಮೆತ್ತಿಕೊಂಡು ಕತ್ತಲ ಬಾವಿಯಂಥ ಜಾಗದಲ್ಲಿ ದುಡಿದವರಿಗೆ ಮನೆಗೆ ಬಂದರೆ ಆಕಾಶ ಬೇಕಾಗುತ್ತಿತ್ತೋ ಏನೋ, ಪರೀಕ್ಷೆ ಕಟ್ಟಿ, ಲೈಸೆನ್ಸು ಪಡೆದು ಹವ್ಯಾಸಿ ರೇಡಿಯೋಗಾರರಾದರು. ಬೆಳಿಗ್ಗೆ ಏಳು ಹೊಡೆಯಿತೆಂದರೆ ಹತ್ತಿಪ್ಪತ್ತು ಊರಿನ ಅವರಂಥವರೇ ಒಂದೇ ಅಲೆಯ ಮೇಲೆ ಸೇರಿ ಮಾತಾಡಿಕೊಳ್ಳುತ್ತಿದ್ದರು. ಅಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರಿಲ್ಲ. ಸರ್ಕಾರ ಕೊಟ್ಟ ಅಕ್ಷರಗಳೇ ಹೆಸರು. ಮಾವನ ಅಕ್ಷರಗಳನ್ನು ಅಲ್ಲಿಯ ರೂಢಿಯಂತೆ ಒಂದೊಂದಕ್ಕೂ ಒಂದು ಪದವಿಟ್ಟು ಬಿಡಿಸಿ ಹೇಳಿದರೆ ಕೊನೆಯಲ್ಲಿ 'ಟ್ಯಾಂಗೋ ವಿಸ್ಕಿ' ಎಂದಾಗುತ್ತಿತ್ತು.

"ಬೆಳಗಾಗೋ ಹೊತ್ತಿಗೇ ವಿಸ್ಕಿ ವಿಸ್ಕಿ ಅಂತ ಕೂಗ್ತಾರಲ್ಲ, ಪಕ್ಕದ ಮನೆಯವರು ನನ್ನನ್ನ ನೋಡಿ ಅಯ್ಯೋ ಪಾಪ ಅಂತಾರೆ," ಎನ್ನುವುದು ಅತ್ತೆಯ ಹಳೆಯ ದೂರು. "ತವರಿಂದ ಒಂದು ಟ್ರಂಕು ತಂದಿದ್ದೆ ಕಣೇ. ನನ್ನ ಸೀರೆ ಹೊರಗೆ ಹಾಕಿ ಅದರಲ್ಲೂ ವಾಲ್ವು ತುಂಬಿದ್ರು, ಮಹಾನುಭಾವರು."

ಮಾವನ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಮೇಜಿನ ಬಲಗಡೆ ತಗಡಿನ ಒಂದು ಮುಚ್ಚಳ. ಯಾವ ಪೆಟ್ಟಿಗೆ ಬಿಚ್ಚಿದರೂ ಅದರಿಂದ ತೆಗೆದ ಪ್ರತಿ ತಿರುಪು, ಪ್ರತಿ ತುಣುಕು ಆ ಮುಚ್ಚಳಕ್ಕೇ ಹೋಗಬೇಕು. ಮುಚ್ಚಳ ಖಾಲಿಯಾಗದೆ ಪೆಟ್ಟಿಗೆ ಮುಚ್ಚುವಂತಿಲ್ಲ. ಲಿಫ್ಟಿನ ಕೆಲಸದಲ್ಲಿ ಕಲಿತ ಪಾಠ ಅದು. "ಇಲ್ಲಿ ಒಂದು ನಟ್ಟು ಉಳೀತು ಅಂದ್ರೆ, ಅಲ್ಲಿ ಎಂಟು ಜನ ನೇತಾಡ್ತಿರ್ತಾರೆ," ಎನ್ನುತ್ತಿದ್ದರು.

ಹೋದ ತಿಂಗಳು ಇರುವೆ ಏನನ್ನೋ ಚೀಪುತ್ತಿದ್ದುದನ್ನು ಕಂಡು ಸೊಸೆ ಬೆರಳು ಹಾಕಿ ತೆಗೆದರೆ ಹಿತ್ತಾಳೆಯ ತಿರುಪು. ಅವಳು ಕಿರುಚಲಿಲ್ಲ, ಅದನ್ನು ತಂದು ಮಾವನ ಮುಂದೆ ಹಿಡಿದಳು. ಗುಂಡಿ ಬ್ಯಾಟರಿ ನುಂಗಿದ ಮಕ್ಕಳ ಸುದ್ದಿಯನ್ನೆಲ್ಲ ಫೋನಿನಲ್ಲಿ ಹುಡುಕಿ ಹುಡುಕಿ ಓದಿ ಮೊದಲೇ ಅರೆಜೀವವಾಗಿದ್ದಳು. ಮಾವ ಆ ತಿರುಪನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಸಾಕಮ್ಮ," ಎಂದರು. "ಎಲ್ಲ ಮಾರಿಬಿಡ್ತೀನಿ. ಕೋಣೆ ಇರುವೆಗಾಗಲಿ."

ಬೇಡ ಮಾವ ಎನ್ನಬೇಕೆಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅನ್ನಲಿಲ್ಲ.

ಮರುದಿನ ಏಳು ಗಂಟೆಯ ಮಾತುಕತೆಯಲ್ಲಿ ಮಾವ ಒಂದೊಂದೇ ಸಾಮಾನಿನ ಹೆಸರು ಓದಿದರು. ಆಮೇಲೆ ಜನ ಬರತೊಡಗಿದರು. ಹೆಣ್ಣು ಒಪ್ಪಿಸಿಕೊಡುವ ಅಪ್ಪನಂತೆ ಮಾವ ಪ್ರತಿ ಸೆಟ್ಟಿನ ಗುಣ, ಸಿಡುಕು ಎರಡನ್ನೂ ಹೇಳಿ ಕಳಿಸುತ್ತಿದ್ದರು. "ಇದು ಚಳಿಗಾಲದಲ್ಲಿ ಸ್ವಲ್ಪ ಮೊಂಡು. ಹತ್ತು ನಿಮಿಷ ಬಿಸಿಯಾಗೋಕೆ ಬಿಡಿ, ಆಮೇಲೆ ಹೇಳಿದ ಮಾತು ಕೇಳುತ್ತೆ." ಕಪಾಟುಗಳು ಬರಿದಾದವು. ಕೊನೆಗುಳಿದದ್ದು ಎರಡೇ. ಒಂದು, ಮಾವ ದಿನಾ ಮಾತಾಡುತ್ತಿದ್ದ ಸೆಟ್ಟು. ಅದನ್ನು ಒಬ್ಬ ಮೇಷ್ಟ್ರು ಕೊಂಡು, ಶಾಲೆ ಬಿಟ್ಟ ಮೇಲೆ ಸಂಜೆ ಬಂದು ಒಯ್ಯುವುದಾಗಿ ಹೇಳಿದ್ದರು. ಅದು ಇರುವೆಯ ಡಯಾಪರ್ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಹಗ್ಗ ಬಿಗಿಸಿಕೊಂಡು ಬಾಗಿಲ ಬಳಿ ಕೂತಿತ್ತು. ಇನ್ನೊಂದು, ಸೆಟ್ಟಿನ ದನಿಯನ್ನು ನೂರು ಪಟ್ಟು ದೊಡ್ಡದು ಮಾಡಿ ದೂರಕ್ಕೆ ಎಸೆಯುವ ಆಂಪ್ಲಿಫೈಯರ್, ಎರಡಾಳು ಎತ್ತುವ ಕಬ್ಬಿಣದ ಪೆಟ್ಟಿಗೆ.

ಅದನ್ನು ಕೊಳ್ಳಲು ಆ ಬೆಳಿಗ್ಗೆ ಬಂದವರು ದೂರದ ಊರಿನ ಬೇಕರಿಯವರು. ಅಂಗಿಯ ತೋಳಿಗೆ ಹಿಟ್ಟು ಅಂಟಿತ್ತು. ಲೈಸೆನ್ಸು ಬಂದು ಆರು ತಿಂಗಳಾಗಿದೆಯಂತೆ, ಉತ್ಸಾಹ ಉಕ್ಕಿ ಹರಿಯುತ್ತಿತ್ತು. ಮಾವ ಯಂತ್ರ ಹಾಕಿ ತೋರಿಸಿ, ಆರಿಸಿ, ಬುದ್ಧಿ ಹೇಳಿದರು: "ಒಳಗೆ ಎರಡು ಸಾವಿರ ವೋಲ್ಟ್ ಓಡಾಡುತ್ತೆ. ಆರಿಸಿ ಐದು ನಿಮಿಷ ಕಾಯಿರಿ. ಆಮೇಲೆ ಬಿಚ್ಚಬಹುದು, ಏನೂ ಮಾಡಲ್ಲ."

"ಮನೆಗೆ ಹೋದವನೇ ಬಿಚ್ಚಿ ನೋಡೋದೇ ಸರ್!" ಎಂದು ಬೇಕರಿಯವರು ವ್ಯಾನು ಹತ್ತಿ ಹೊರಟರು.

ವ್ಯಾನು ಹೋಗಿ ಅರ್ಧ ಗಂಟೆಯಾಗಿರಬಹುದು. ಸೊಸೆ ಅಟ್ಟದಿಂದ ಒಂದು ಎತ್ತರದ ಡಬ್ಬಿ ಇಳಿಸಿ ಕೊಟ್ಟಳು. ತಿರುಪಿನ ಪ್ರಸಂಗವಾದಂದಿನಿಂದ ನೆಲದಲ್ಲಿ, ಮೇಜಿನಲ್ಲಿ ಸಿಕ್ಕ ಸಣ್ಣ ಸಾಮಾನನ್ನೆಲ್ಲ ಅವಳು ಅದಕ್ಕೆ ಸುರಿಯುತ್ತಿದ್ದಳು. ಮಾವ ಕಾಗದ ಹಾಸಿ ಡಬ್ಬಿಯನ್ನು ಬೋರಲು ಹಾಕಿದರು. ಎಲ್ಲಕ್ಕಿಂತ ಮೊದಲು ಸೀಮೆಸುಣ್ಣದ ತುಂಡಿನಂಥದೊಂದು ಬಂದು ಬಿತ್ತು. ಎರಡು ತುದಿಗೂ ತಂತಿ.

ಮಾವನ ಕೈ ನಿಂತಿತು.

"ಇದು... ಇದು ಇಲ್ಲಿ ಹೇಗೆ ಬಂತು?"

"ಏನು ಮಾವ ಅದು?"

"ಆಂಪ್ಲಿಫೈಯರಿಂದು. ಆರಿಸಿದ ಮೇಲೂ ಒಳಗೆ ಕರೆಂಟು ಕೂತಿರುತ್ತಮ್ಮ. ಅದನ್ನ ಸೋರಿಸಿ ಖಾಲಿ ಮಾಡೋದೇ ಈ ತುಂಡು. ಇದಿಲ್ದಿದ್ರೆ ಐದು ನಿಮಿಷ ಏನು, ಐದು ಗಂಟೆ ಆದ್ರೂ ಅದು ಅಲ್ಲೇ ಕೂತಿರುತ್ತೆ. ಕೈ ಇಟ್ಟವನು..." ಮಾವ ಮುಂದಿನದನ್ನು ನುಂಗಿಕೊಂಡರು. "ನಿನ್ನೆ ತುದಿ ಉಜ್ಜೋಣ ಅಂತ ಬಿಚ್ಚಿದ್ದೆ. ಇದನ್ನ ಮುಚ್ಚಳದಲ್ಲೇ ಇಟ್ಟು, ಇರುವೆ ಪೆಟ್ಟಿಗೆಗೆ ಕೈ ಹಾಕೀತು ಅಂತ ತಗಡಿಗೆ ತಿರುಪುಗಳನ್ನ ಸುಮ್ಮನೆ ಸಿಕ್ಕಿಸಿ ಊಟಕ್ಕೆ ಎದ್ದೆ. ಬಂದು ನೋಡಿದೆ, ಮುಚ್ಚಳ ಖಾಲಿ. ಹಾಕಿದೀನಿ ಅಂದ್ಕೊಂಡು ತಿರುಪು ಬಿಗಿದುಬಿಟ್ಟೆ. ವಯಸ್ಸಾಯ್ತು. ತಲೆ ಕೆಟ್ಟಿದೆ ನನಗೆ."

ಸೊಸೆಗೆ ನೆನಪಾಯಿತು. ನಿನ್ನೆ ಮಧ್ಯಾಹ್ನ ಮಾವ ಊಟಕ್ಕೆ ಕೂತಾಗ ಕೋಣೆಗೆ ನುಗ್ಗಿ, ಆ ಮುಚ್ಚಳವನ್ನೆತ್ತಿ ಹಾಗೇ ಡಬ್ಬಿಗೆ ಬಗ್ಗಿಸಿದ್ದವಳು ಅವಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾವ ಆಗಲೇ ತಪ್ಪನ್ನು ತಮ್ಮ ವಯಸ್ಸಿನ ತಲೆಗೆ ಕಟ್ಟಿಕೊಂಡಾಗಿತ್ತು.

"ಮಾವ, ನೀವು ಮರೆತಿಲ್ಲ," ಎಂದಳು. "ನಾನೇ ತೆಗೆದೆ. ಮುಚ್ಚಳ ಖಾಲಿ ಮಾಡಿದ್ದು ನಾನು. ಮಗು ಬಾಯಿಗೆ ಹಾಕ್ಕೊಂಡೀತು ಅಂತ..."

ಮಾವ ಅವಳನ್ನು ಒಮ್ಮೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಬೇಕರಿಯವರ ಫೋನ್ ನಂಬರ್ ಕೊಡಿ, ಮಾವ. ಈಗಲೇ ಮಾಡ್ತೀನಿ."

"ನಂಬರ್ ಎಲ್ಲಿದೆ?"

"ಹೆಸರಾದ್ರೂ?"

"ಅಕ್ಷರ ಗೊತ್ತು. ಹೆಸರು ಕೇಳಲಿಲ್ಲ."

"ಅಯ್ಯೋ, ಮನೇಲಿ ಕೂರಿಸಿ ಕಾಫಿ ಕೊಟ್ಟು ಕಳಿಸಿದೀರಿ, ಹೆಸರು ಕೇಳಲಿಲ್ವಾ!" ಅಡುಗೆಮನೆಯಿಂದ ಓಡಿ ಬಂದಿದ್ದ ಅತ್ತೆ ತಲೆಯ ಮೇಲೆ ಕೈಹೊತ್ತರು. "ಮದುವೆ ಆದ ಹೊಸದರಲ್ಲಿ ನನ್ನ ಹೆಸರನ್ನೂ ಎರಡು ಸಲ ಮರೆತಿದ್ದೋರು ಇವರು."

"ವ್ಯಾನಿನಲ್ಲಿ ಸೆಟ್ಟಿದೆ," ಎಂದು ಮಾವ ತಮಗೆ ತಾವೇ ಹೇಳಿಕೊಂಡರು. "ದಾರಿಯುದ್ದಕ್ಕೂ ಏಳು ಗಂಟೆಯ ಅಲೆಗೇ ಕಿವಿ ಕೊಟ್ಟಿರ್ತೀನಿ ಅಂದಿದ್ದ. ಕರೆದ್ರೆ ಕೇಳುತ್ತೆ. ಆದ್ರೆ ಕರೆಯೋದು ಯಾತರಲ್ಲಿ?"

ಮೂವರ ಕಣ್ಣೂ ಬಾಗಿಲ ಬಳಿಯ ರಟ್ಟಿನ ಪೆಟ್ಟಿಗೆಯ ಮೇಲೆ ಹೋಯಿತು.

"ಅದು ಮೇಷ್ಟ್ರದು," ಎಂದರು ಮಾವ. "ಮಾರಿದ ಮೇಲೆ ಮುಟ್ಟೋದು ಹೇಗೆ? ಅವರನ್ನೊಂದು ಮಾತು ಕೇಳಿಬಿಡು."

ಮೇಷ್ಟ್ರ ನಂಬರು ಇತ್ತು. ಫೋನು ಆಫ್ ಆಗಿತ್ತು, ಪಾಠದ ಹೊತ್ತು. ಎರಡು ಸಲ, ಮೂರು ಸಲ ಪ್ರಯತ್ನಿಸಿದ ಸೊಸೆ ಇರುವೆಯನ್ನು ಅತ್ತೆಯ ಕಂಕುಳಿಗೆ ದಾಟಿಸಿ, ತರಕಾರಿ ಹೆಚ್ಚುವ ಚಾಕು ತಂದು ಹಗ್ಗ ಕೊಯ್ದೇಬಿಟ್ಟಳು. "ಮೇಷ್ಟ್ರಿಗೆ ನಾನು ಉತ್ತರ ಹೇಳ್ಕೋತೀನಿ. ಏಳಿ ಮಾವ."

ಸೆಟ್ಟೇನೋ ಮೇಜಿಗೆ ಬಂತು. ಏರಿಯಲ್? ಟೆರೇಸಿನ ಮೇಲೆ ಈ ಕಂಬದಿಂದ ಆ ಕಂಬಕ್ಕೆ ಎಳೆದಿದ್ದ ತಾಮ್ರದ ತಂತಿಯನ್ನು ಯಾರೂ ಕೊಂಡಿರಲಿಲ್ಲ. ಎರಡು ವಾರದಿಂದ ಅದನ್ನು ಸಡಿಲಿಸಿ, ತಗ್ಗಿಸಿ, ಸೊಸೆಯೇ ಇರುವೆಯ ಬಟ್ಟೆ ಒಣಹಾಕಲು ಹಚ್ಚಿದ್ದಳು. ಅವಳು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದಳು. ಲಂಗೋಟಿ, ಕುಲಾವಿ, ಜೊಲ್ಲುಬಟ್ಟೆ, ಎಲ್ಲವನ್ನೂ ಕಿತ್ತು ನೆಲಕ್ಕೆಸೆದು, ಹಗ್ಗ ಜಗ್ಗಿ ತಂತಿಯನ್ನು ಮೇಲೇರಿಸಿ ಬಿಗಿದಳು. ಅಂಗೈ ತರಚಿತು. ಕೆಳಗೆ ಬರುವಷ್ಟರಲ್ಲಿ ಮಾವ ಕೇಬಲ್ಲು ಸಿಕ್ಕಿಸಿ ಮೈಕು ಹಿಡಿದು ಕೂತಿದ್ದರು.

ಕರೆದರು. ಬೇಕರಿಯವರ ಅಕ್ಷರಗಳು, ಆಮೇಲೆ ತಮ್ಮ ಅಕ್ಷರಗಳು. ಮೈಕಿನ ಗುಂಡಿ ಬಿಟ್ಟರು. ಮಳೆ ಸುರಿದಂಥ ಸದ್ದು ಬಿಟ್ಟರೆ ಬೇರೇನಿಲ್ಲ. ಮತ್ತೆ ಕರೆದರು. ಮತ್ತೆ ಅದೇ.

ಹತ್ತು ನಿಮಿಷ ಹೀಗೇ ಹೋಯಿತು. ಸೊಸೆ ಮನಸ್ಸಿನಲ್ಲೇ ವ್ಯಾನಿನ ಹಿಂದೆ ಓಡುತ್ತಿದ್ದಳು. ಬೇಕರಿಯವರಿಗೆ ಮಕ್ಕಳಿದ್ದಾರೋ? ಇದ್ದರೆ ಅಪ್ಪ ಪೆಟ್ಟಿಗೆ ಬಿಚ್ಚುವಾಗ ಪಕ್ಕದಲ್ಲೇ ಕೂತಿರುತ್ತವೋ? ತನ್ನ ಮಗುವನ್ನು ಕಾಯಲು ಹೋಗಿ ಇನ್ಯಾರದೋ ಮನೆಗೆ ಸಾವನ್ನೇ ಕಳಿಸಿಕೊಟ್ಟೆನಲ್ಲ. ಅಷ್ಟರಲ್ಲಿ ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟರು. ಏನೂ ಹೇಳಲಿಲ್ಲ; ಅತ್ತೆ ಏನೂ ಹೇಳದಿದ್ದುದು ಆ ಮನೆಯಲ್ಲಿ ಅದೇ ಮೊದಲಿರಬೇಕು.

ಹದಿನಾಲ್ಕನೆಯ ಸಲಕ್ಕೋ ಹದಿನೈದಕ್ಕೋ, ಸದ್ದಿನ ಅಡಿಯಿಂದ ಒಂದು ದನಿ ಎದ್ದು ಬಂತು.

"ಟ್ಯಾಂಗೋ ವಿಸ್ಕಿ, ಟ್ಯಾಂಗೋ ವಿಸ್ಕಿ, ಕೇಳಿಸ್ತಿದೆ ಸರ್! ಪೆಟ್ರೋಲ್ ಹಾಕಿಸ್ತಿದ್ದೆ. ಏನ್ಸರ್, ಎಲ್ಲ ಮಾರಿಬಿಟ್ಟೆ ಅಂದ್ರಿ, ಮತ್ತೆ ಅಲೆ ಮೇಲೆ ಬಂದಿದೀರಿ!"

ಮಾವ ತಮಾಷೆಗೆ ಸಿಗಲಿಲ್ಲ. ಒಂದೊಂದೇ ಮಾತನ್ನು ಮೊಳೆ ಹೊಡೆದಂತೆ ಹೇಳಿದರು: ಪೆಟ್ಟಿಗೆ ಬಿಚ್ಚಬೇಡಿ, ಒಳಗೆ ಕರೆಂಟು ಹಾಗೇ ಇದೆ, ನಾನು ಐದು ನಿಮಿಷ ಅಂದದ್ದು ಮರೆತುಬಿಡಿ, ಹೇಳಿದ್ದನ್ನು ನನಗೆ ತಿರುಗಿ ಹೇಳಿ. ಬೇಕರಿಯವರು ತಿರುಗಿ ಹೇಳಿದರು. ಅವರ ದನಿಯಲ್ಲಿನ ನಗು ಇಳಿದುಹೋಗಿತ್ತು.

"ಒಂದು ಭಾಗ ಹಾಕೋದು ಬಿಟ್ಟುಹೋಯ್ತು, ನಾಳೆ ಪೆಟ್ಟಿಗೆ ತನ್ನಿ, ಹಾಕಿಕೊಡ್ತೀನಿ," ಎಂದರು ಮಾವ. "ತಪ್ಪು ನಂದು."

ಸೊಸೆ ಬಾಯಿ ತೆರೆದಳು. ಮಾವ ಎಡಗೈ ಎತ್ತಿ ತಡೆದರು.

ಸಂಜೆ ಮೇಷ್ಟ್ರು ಬಂದರು. ಕೊಯ್ದ ಹಗ್ಗ, ಹರಿದ ರಟ್ಟು ನೋಡಿ ಹುಬ್ಬೇರಿಸಿದರು. ಸೊಸೆ ಒಂದೇ ಉಸಿರಿಗೆ ನಡೆದದ್ದನ್ನೆಲ್ಲ ಒಪ್ಪಿಸಿದಳು. "ನನ್ನ ಸೆಟ್ಟು ನನ್ನ ಕೈಗೆ ಬರೋ ಮೊದಲೇ ಒಂದು ಜೀವ ಉಳಿಸ್ತು ಅನ್ನಿ," ಎಂದು ಅವರು ನಕ್ಕು, ಸೆಟ್ಟನ್ನು ಒಯ್ದರು. ಅದು ಹೋಗುವುದು ಹೋಗಿಯೇ ತೀರಿತು. ಮರುದಿನ ಏಳು ಗಂಟೆಗೆ ಮಾವ ಬರಿದಾದ ಮೇಜಿನ ಮುಂದೆ ಸ್ವಲ್ಪ ಹೊತ್ತು ಕೂತಿದ್ದು, ಎದ್ದು, ಇರುವೆಯನ್ನು ಎತ್ತಿಕೊಂಡು ಟೆರೇಸಿಗೆ ಹೋದುದನ್ನು ಸೊಸೆ ಕಂಡಳು.

ಹನ್ನೊಂದರ ಹೊತ್ತಿಗೆ ಬೇಕರಿಯವರ ವ್ಯಾನು ಮತ್ತೆ ಬಂತು. ಅತ್ತೆ ಮಗುವನ್ನು ಒಳಕೋಣೆಗೆ ಕರೆದೊಯ್ದು ಚಿಲಕ ಹಾಕಿಕೊಂಡರು. ಸೊಸೆ ಎರಡು ಸಲ ಹೋಗಿ ಚಿಲಕ ಬಿದ್ದಿದೆಯೇ ಎಂದು ತಳ್ಳಿ ನೋಡಿ ಬಂದಳು. ಮಾವ ತಿರುಪುಗಳನ್ನು ಬಿಚ್ಚಿ ಮುಚ್ಚಳಕ್ಕೆ ಹಾಕಿದರು. ಒಣಗಿದ ಮರದ ಕೋಲಿನ ತುದಿಗೆ ತಂತಿ ಕಟ್ಟಿ, ಒಂದು ಕೈಯನ್ನು ಬೆನ್ನ ಹಿಂದಿಟ್ಟುಕೊಂಡು ಒಳಗೆ ಚಾಚಿದರು.

ಫಟ್! ಎಂದು ನೀಲಿ ಕಿಡಿ ಹಾರಿತು.

ಬೇಕರಿಯವರು ಎರಡು ಹೆಜ್ಜೆ ಹಿಂದೆ ಸರಿದರು. "ಇಷ್ಟು ಹೊತ್ತಾದ್ರೂ?"

"ಇಷ್ಟು ಹೊತ್ತಾದ್ರೂ," ಎಂದರು ಮಾವ.

ಬೇಕರಿಯವರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡು ಜೇಬಿಗೆ ಹಾಕಿದರು. ಮಾವ ಬಿಳಿಯ ತುಂಡನ್ನು ಅದರ ಜಾಗದಲ್ಲಿ ಬೆಸೆದು, ಎಳೆದು ನೋಡಿ, ತಗಡು ಮುಚ್ಚಿದರು. ತಿರುಪುಗಳು ಒಂದೊಂದಾಗಿ ಮುಚ್ಚಳದಿಂದ ಪೆಟ್ಟಿಗೆಗೆ ಹೋದವು. ಕೊನೆಯದನ್ನು ಬೆರಳಲ್ಲಿ ಹಿಡಿದು ಅವರು ತಡೆದು ನಿಂತರು. ಮುಚ್ಚಳವನ್ನು ಸೊಸೆಯ ಕಡೆಗೆ ಚಾಚಿದರು.

"ನೋಡಮ್ಮ. ಖಾಲೀನಾ?"

ಸೊಸೆ ಬೆಳಕಿಗೆ ಹಿಡಿದು ನೋಡಿದಳು. ಕಣ್ಣಿನ ಮೇಲೆ ನಂಬಿಕೆ ಸಾಲದೆ ಅಂಚಿನುದ್ದಕ್ಕೂ ಬೆರಳಾಡಿಸಿದಳು.

"ಖಾಲಿ, ಮಾವ," ಎಂದಳು. "ಇದರಿಂದ ನಾನು ಏನೂ ತೆಗೆದಿಲ್ಲ."

ಮಾವ ಕೊನೆಯ ತಿರುಪನ್ನು ಬಿಗಿದರು.