ತೊತ್ರಾಜ್ ಮೇಷ್ಟ್ರ ಜೋಗುಳ

ಅಲಗೀರ್ ಪಟ್ಟಣದ ಸಂಗೀತ ಶಾಲೆಯ ತೊತ್ರಾಜ್ ಮೇಷ್ಟ್ರು ತಮ್ಮ ಒಸ್ಸೆಟಿಯನ್ ಜನರ ಹಳೆಯ ಜೋಗುಳಗಳನ್ನು ಹುಡುಕಿಕೊಂಡು ಬೆಟ್ಟದ ಹಳ್ಳಿಗಳಿಗೆ ಹೋದರೆ ಹೆಂಗಸರು ನಗುತ್ತಿದ್ದರು. ಹಿರಿಯರೆದುರು ಗಂಡಸರು ತಮ್ಮ ಕೂಸನ್ನೂ ಎತ್ತಿಕೊಳ್ಳದ ಸೀಮೆಯದು.

“ಮೀಸೆ ಬಂದವರಿಗೆ ಜೋಗುಳ ಯಾಕ್ರೀ ಮೇಷ್ಟ್ರೇ? ಕುಡಿಯೋವಾಗ ಹೇಳೋ ಹಾಡು ಬೇಕಾದ್ರೆ ನಮ್ಮ ಯಜಮಾನ್ರನ್ನ ಕೇಳಿ,” ಎಂದಳು ಒಂದು ಹಳ್ಳಿಯ ಗೊಸಾಡಾ ಅಜ್ಜಿ.

“ನಾನು ಒಳಗೇ ಬರಲ್ಲ ಅಜ್ಜಿ. ಹೊರಗೆ ನಿಮ್ಮ ಬೇಲಿ ಕಟ್ತಾ ಇರ್ತೀನಿ. ನೀವು ಮೊಮ್ಮಗನ್ನ ಮಲಗಿಸಿ.”

ಹೀಗೆ ಊರೂರಲ್ಲಿ ಬೇಲಿ ಕಟ್ಟುತ್ತ, ಕಿಟಕಿಯಿಂದ ಕೇಳಿಬಂದ ಜೋಗುಳಗಳನ್ನು ಅವರು ಕಲಿತರು. ಹೆಚ್ಚಿನವು ಗಂಡುಮಕ್ಕಳಿಗೆ ಹಾಡುವಂಥವು. ತಮಗೇ ಮೊಮ್ಮಗಳು ಅಜಾ ಹುಟ್ಟಿದಾಗ ಗೊಸಾಡಾ ಅಜ್ಜಿಯ ರಾಗವನ್ನು ಹಾಗೇ ಉಳಿಸಿಕೊಂಡು, “ಕುದುರೆ ಏರು ಮಗನೇ” ಎಂಬುದನ್ನು “ಕುದುರೆ ಏರು ಮಗಳೇ” ಎಂದು ಮಾಡಿಕೊಂಡರು. ತೊಟ್ಟಿಲ ಶಾಸ್ತ್ರದ ಊಟದಲ್ಲಿ ಎಲ್ಲರೆದುರೇ ಮಗುವನ್ನೆತ್ತಿಕೊಂಡು ಹಾಡಿಬಿಟ್ಟರು.

ಹಿಡಿದಿದ್ದ ಬಿಯರಿನ ಬಟ್ಟಲುಗಳನ್ನು ಹಿರಿಯರೆಲ್ಲ ಕೆಳಗಿಟ್ಟರು. ಪಂಕ್ತಿಯ ಮೊದಲಲ್ಲಿ ಕೂತಿದ್ದ ಮುದುಕ ಬೆಕ್ಮುರ್ಜಾ ಗಂಟಲು ಸರಿಮಾಡಿಕೊಂಡರು.

“ಹುಡುಗೀನ ಕುದುರೆ ಹತ್ತಿಸಿದ್ದೀಯ, ಹತ್ತಿಸು. ಆದ್ರೆ ಕೊನೇ ಸಾಲು ಹಂಗಲ್ಲ ಕಣೋ ತೊತ್ರಾಜ್. ನಮ್ಮವ್ವ ಹಿಂಗೆ ಎಳೀತಿದ್ಲು,” ಎಂದು ಒಡಕು ದನಿಯಲ್ಲಿ ತಾವೇ ಹಾಡತೊಡಗಿದರು.

ಮೇಷ್ಟ್ರು ಮಗುವನ್ನು ತೂಗುತ್ತಲೇ ಕಲಿತುಕೊಂಡರು.